ಬಣ್ಣ ಬೇರೆ, ಖಾರ ಬೇರೆ: ಒಂದು ಸಿನಿಮಾದ ರಾಜಕೀಯವನ್ನು ಅಳೆಯುವುದು ಹೇಗೆ?

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯ ಲೇಖನ)

ಬ್ಯಾಡಗಿ ಮೆಣಸಿನಕಾಯಿಯನ್ನು ಮೊದಲ ಸಲ ನೋಡಿದ ಹೊರಗಿನವರು ಹೆದರುತ್ತಾರೆ. ಇಷ್ಟು ಕೆಂಪಗಿದ್ದರೆ ಬಾಯಿ ಸುಟ್ಟೇ ಹೋಗುತ್ತದೆ ಎಂಬುದು ಅವರ ಲೆಕ್ಕ. ನಮ್ಮ ಜಿಲ್ಲೆಯವರಿಗೆ ನಿಜ ಗೊತ್ತು: ಅದರ ಬಣ್ಣ ಗಾಢ, ಖಾರ ಕಡಿಮೆ. 2011ರಲ್ಲಿ ಈ ಕಾಯಿಗೆ ಜಿ.ಐ. ಮಾನ್ಯತೆ ಸಿಕ್ಕಿದ್ದೂ ಈ ಗುಣಕ್ಕಾಗಿಯೇ. ಸುಕ್ಕುಗಟ್ಟಿದ ಕಾಯಿಯಿಂದ ತೆಗೆದ ಬಣ್ಣ ತಿಂಡಿ ತಯಾರಿಸುವವರಿಗೂ ಹೋಗುತ್ತದೆ, ಲಿಪ್‌ಸ್ಟಿಕ್ ತಯಾರಿಸುವವರಿಗೂ ಹೋಗುತ್ತದೆ. ನಮ್ಮ ಅಬ್ಬಾ ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ದೊಡ್ಡ ಖರೀದಿದಾರರು ಬಣ್ಣಕ್ಕೆ ಒಂದು ಅಳತೆ, ಖಾರಕ್ಕೆ ಇನ್ನೊಂದು ಅಳತೆ ಇಟ್ಟುಕೊಂಡಿರುತ್ತಾರೆ, ಎರಡನ್ನೂ ಕೂಡಿಸಿ ಒಂದೇ ಅಂಕಿ ಮಾಡುವುದಿಲ್ಲ ಎಂದು ಅವರು ಹೇಳುತ್ತಾರೆ.

ಸಿನಿಮಾದ ರಾಜಕೀಯವನ್ನು ಅಳೆಯುವಾಗಲೂ ನಮಗೆ ಈ ಎರಡು ಅಳತೆ ಬೇಕು ಎಂಬುದೇ ಈ ಲೇಖನದ ವಿಷಯ. ತೆರೆಯ ಮೇಲೆ ಎದ್ದು ಕಾಣುವುದು ಬಣ್ಣ: ಘೋಷಣೆ, ಡೈಲಾಗು, ಧ್ವಜ, ವಿಲನ್ನಿನ ಹೆಸರು, ಅವನ ಗಡ್ಡ ಅಥವಾ ಕೋಟು. ಕಥೆಯ ಒಳಗೆ ಕರಗಿ ನಮ್ಮ ಹೊಟ್ಟೆ ಸೇರುವುದು ಖಾರ: ಯಾರು ಸರಿ, ಯಾರು ತಪ್ಪು, ಯಾರನ್ನು ನಂಬಬೇಕು, ಯಾರು ಸತ್ತರೆ ಅಳಬೇಕು ಎಂಬ ತೀರ್ಮಾನ.

ಕಳೆದ ತಿಂಗಳು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ "ಸಿನಿಮಾ: ಮನರಂಜನೆಯೋ ಪ್ರಚಾರವೋ?" ಎಂಬ ವಿಷಯ ಇತ್ತು. ವಿಜ್ಞಾನ ವಿಭಾಗದ ಒಬ್ಬ ಗೆಳೆಯ, "ರೋಬೋಟ್ ಪಿಕ್ಚರ್‌ನಾಗ ಎಲ್ಲಿ ಬರ್ತೈತ್ರಿ ರಾಜಕೀಯ? ಫೈಟಿಂಗ್ ನೋಡ್ರಿ, ಸೀಟಿ ಹೊಡೀರಿ, ಮನೀಗ್ ಹೋಗ್ರಿ" ಎಂದ. ಕಲಾ ವಿಭಾಗದ ಗೆಳತಿ ಎದ್ದು ನಿಂತು, "ವಿಲನ್ ಹೆಸರು ಇಕ್ಬಾಲ್ ಅಂತ ಇಟ್ಟಿದ್ದಾರೆ ಅಂದ ಮೇಲೆ ಮುಗೀತು, ಅದು ನಮ್ಮ ವಿರುದ್ಧದ ಸಿನಿಮಾ" ಎಂದಳು. ಇಬ್ಬರಿಗೂ ಚಪ್ಪಾಳೆ ಬಿತ್ತು. ಮೊದಲಿನವನು ಖಾರ ಇದೆ ಎಂಬುದನ್ನೇ ಒಪ್ಪಲಿಲ್ಲ. ಎರಡನೆಯವಳು ಬಣ್ಣ ನೋಡಿ ಖಾರ ಹೇಳಿದಳು. ಇವರಿಬ್ಬರ ನಡುವೆ ನಿಂತು ಕೇಳಬಹುದಾದ ಕೆಲವು ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಯಾಕೆ ಸಣ್ಣ ಬಜೆಟ್ಟಿನ ಸಿನಿಮಾ?

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಕಡಿಮೆ ಖರ್ಚಿನ, ವಿಜ್ಞಾನದ ಕಲ್ಪನೆ ಇರುವ ಸಿನಿಮಾಗಳನ್ನು. ಬಹುಪಾಲು ಹೊಡೆದಾಟದವು. ಕಾರಣ ಎರಡು. ಮೊದಲನೆಯದು, ಇವುಗಳಲ್ಲಿ ರಾಜಕೀಯ ಇರಲಾರದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಎರಡನೆಯದು ನಮ್ಮ ಅರ್ಥಶಾಸ್ತ್ರ ತರಗತಿಯದು. ಅವಕಾಶ ವೆಚ್ಚ ಎಂಬ ಪಾಠ ನಿಮಗೆ ನೆನಪಿರಬಹುದು: ಒಂದನ್ನು ಕೊಂಡರೆ ಇನ್ನೊಂದನ್ನು ಬಿಡಬೇಕು. ನೂರಾರು ಕೋಟಿಯ ಸಿನಿಮಾ ಎಲ್ಲವನ್ನೂ ತೋರಿಸಬಹುದು. ಸಣ್ಣ ಸಿನಿಮಾ ಹಾಗೆ ಮಾಡಲಾರದು. ಅಲ್ಲಿ ಪ್ರತಿ ರೂಪಾಯಿಯೂ ಒಂದು ತೀರ್ಮಾನ. ಆಕಾಶಯಾನ ಕಟ್ಟಲು ದುಡ್ಡಿಲ್ಲದಿದ್ದಾಗ ನಿರ್ದೇಶಕ ಏನನ್ನು ತೋರಿಸಲು ಆರಿಸಿಕೊಂಡ, ಯಾವುದನ್ನು ಕೈಬಿಟ್ಟ ಎಂದು ನೋಡಿದರೆ ಅವನಿಗೆ ಯಾವುದು ಮುಖ್ಯ ಎಂಬುದು ಬೇಗ ಗೊತ್ತಾಗುತ್ತದೆ.

ಮೊದಲ ಪ್ರಶ್ನೆ: ಜಗಳ ಯಾವುದಕ್ಕಾಗಿ?

ಕನ್ನಡದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 1968ರ ‘ಜೇಡರ ಬಲೆ’. ದೊರೈ-ಭಗವಾನ್ ಜೋಡಿ ನಿರ್ದೇಶಿಸಿದ ಈ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಸಿಐಡಿ 999 ಪ್ರಕಾಶ್. ನಾಯಕಿ ಜಯಂತಿ, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಕನ್ನಡದ ಮೊದಲ ಜೇಮ್ಸ್ ಬಾಂಡ್ ಮಾದರಿಯ ಸಿನಿಮಾ ಎಂದು ಇದನ್ನು ಕರೆಯುತ್ತಾರೆ. 1964ರಲ್ಲೇ ‘ಅಮರಶಿಲ್ಪಿ ಜಕಣಾಚಾರಿ’ ಪೂರ್ತಿ ಬಣ್ಣದಲ್ಲಿ ಬಂದಿತ್ತು. ಆದರೂ ಆ ಕಾಲದ ಹೆಚ್ಚಿನ ಕನ್ನಡ ಚಿತ್ರಗಳಂತೆ ಇದೂ ಕಪ್ಪು-ಬಿಳುಪು. ಇಂಗ್ಲಿಷಿನ ಬಾಂಡ್ ಚಿತ್ರಗಳಿಗೆ ಸುರಿಯುತ್ತಿದ್ದ ಹಣದ ಮುಂದೆ ಇದರ ಖರ್ಚು ಏನೂ ಅಲ್ಲ.

ಇದರಲ್ಲಿ ಜಗಳ ಯಾವುದಕ್ಕಾಗಿ? ಒಬ್ಬ ವಿಜ್ಞಾನಿ ಯಾವುದೇ ಲೋಹವನ್ನು ಚಿನ್ನ ಮಾಡುವ ಸೂತ್ರ ಕಂಡುಹಿಡಿದಿದ್ದಾನೆ. ದುಷ್ಟಕೂಟಕ್ಕೆ ಆ ಸೂತ್ರ ಬೇಕು. ಅದು ಅವರ ಪಾಲಾಗದಂತೆ 999 ನೋಡಿಕೊಳ್ಳಬೇಕು.

1964ರ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’ ಕೂಡ ಚಿನ್ನದ ಕಥೆಯೇ. ಆದರೆ ಅಲ್ಲಿ ಚಿನ್ನ ಆಗಲೇ ಇದೆ, ಅಮೆರಿಕ ಸರ್ಕಾರದ ಫೋರ್ಟ್ ನಾಕ್ಸ್ ಭಂಡಾರದಲ್ಲಿ ತುಂಬಿದೆ. ಅದನ್ನು ವಿಕಿರಣದಿಂದ ಕೆಡಿಸುವುದು ವಿಲನ್ನಿನ ಯೋಜನೆ. ಶ್ರೀಮಂತ ದೇಶದ ಭಯ ಅದು, ಇದ್ದದ್ದು ಹೋದರೆ ಎಂಬ ಭಯ. ನಮ್ಮ ಸಿನಿಮಾದಲ್ಲಿ ಚಿನ್ನ ಇನ್ನೂ ಆಗಬೇಕು. ಕಬ್ಬಿಣ, ತಾಮ್ರ ಇಟ್ಟುಕೊಂಡು ಚಿನ್ನದ ಕನಸು ಕಾಣುವುದು ಚಿನ್ನ ಇಲ್ಲದವರ ಕೆಲಸ.

ಆ ವರ್ಷಗಳ ಲೆಕ್ಕ ಪುಸ್ತಕ ತೆರೆದರೆ ಈ ಕನಸು ಎಲ್ಲಿಂದ ಬಂದಿರಬಹುದು ಎಂದು ಊಹಿಸಬಹುದು. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ದೇಶದ ರಕ್ಷಣೆಗಾಗಿ ಜನ ಒಡವೆ ಬಿಚ್ಚಿ ಕೊಟ್ಟಿದ್ದರು. 1963ರ ಜನವರಿಯಲ್ಲಿ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮ ತಂದರು. ಹೊಸ ಒಡವೆಯನ್ನು 14 ಕ್ಯಾರೆಟ್‌ಗಿಂತ ಹೆಚ್ಚಿನ ಚಿನ್ನದಲ್ಲಿ ಮಾಡುವಂತಿಲ್ಲ ಎಂದಾಯಿತು. ದೇಶದಾದ್ಯಂತ ಅಕ್ಕಸಾಲಿಗರ ಕೆಲಸ ಹೋಯಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ, 4 ರೂಪಾಯಿ 76 ಪೈಸೆ ಇದ್ದ ಡಾಲರ್ 7 ರೂಪಾಯಿ 50 ಪೈಸೆಗೆ ಏರಿತು. ‘ಜೇಡರ ಬಲೆ’ ಬಂದ 1968ರಲ್ಲೇ ಚಿನ್ನ ನಿಯಂತ್ರಣ ಕಾಯ್ದೆಯೂ ಬಂತು. ಅದು ರದ್ದಾಗಿದ್ದು 1990ರಲ್ಲಿ.

ನಮ್ಮ ನಾನಾ ಆಗ ಬ್ಯಾಡಗಿಯಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. ಓಣಿಯ ಪತ್ತಾರರೊಬ್ಬರು ಕುಲುಮೆ ಮುಚ್ಚಿ ಮೆಣಸಿನಕಾಯಿ ಅಂಗಡಿಯಲ್ಲಿ ಚೀಲ ಹೊಲಿಯಲು ಹೋಗುತ್ತಿದ್ದರಂತೆ. ನಾನಾ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ‘ಜೇಡರ ಬಲೆ’ ನೋಡಿದವರು. "ರಾಜಣ್ಣ ಪಿಸ್ತೂಲ್ ಹಿಡಿದರೆ ಟೆಂಟೇ ಹಾರುತ್ತಿತ್ತು ಬೇಟಾ" ಎಂದು ಈಗಲೂ ಹೇಳುತ್ತಾರೆ. ಕಾಯ್ದೆಯ ನೆನಪಾಯಿತಾ ಎಂದು ಕೇಳಿದರೆ ನಗುತ್ತಾರೆ. ಆ ಸಿನಿಮಾ ಕಾಯ್ದೆಯ ಬಗ್ಗೆ ಭಾಷಣ ಮಾಡುವುದಿಲ್ಲ. ಆದರೆ ಚಿನ್ನ ಮುಟ್ಟಲು ಸರ್ಕಾರದ ಅನುಮತಿ ಬೇಕಿದ್ದ ಕಾಲದಲ್ಲಿ, ಚಿನ್ನದ ಗುಟ್ಟನ್ನು ಕಾಯುವ ಒಳ್ಳೆಯ ಮನುಷ್ಯ ಒಬ್ಬ ಸರ್ಕಾರಿ ನೌಕರನೇ ಆಗಿದ್ದ ಕಥೆ ಇದು. ಘೋಷಣೆ ಒಂದೂ ಇಲ್ಲದಿದ್ದರೂ ಸರ್ಕಾರವನ್ನು ನಂಬು ಎಂಬ ಮಾತು ಕಥೆಯ ಚೌಕಟ್ಟಿನಲ್ಲೇ ಇದೆ. ಬಣ್ಣ ಇಲ್ಲದೆ ಖಾರ ಇರುವುದು ಎಂದರೆ ಹೀಗೆ.

ಇನ್ನೊಂದು ತಮಾಷೆ ವಾಣಿಜ್ಯದವರಿಗೆ ಮಾತ್ರ ಹೊಳೆಯಬಹುದು. ಎಲ್ಲ ಲೋಹವೂ ಚಿನ್ನವಾದರೆ ಪೂರೈಕೆ ಹೆಚ್ಚಿ ಚಿನ್ನದ ಬೆಲೆಯೇ ಬಿದ್ದುಹೋಗುತ್ತದೆ. ಹಾಗಾಗಿ ಬೆಲೆ ಇರುವುದು ಚಿನ್ನಕ್ಕಲ್ಲ, ಗುಟ್ಟಿಗೆ. ಆ ಗುಟ್ಟು ಯಾರ ಬಳಿ ಇರಬೇಕು ಎಂಬ ಪ್ರಶ್ನೆ ಪೂರ್ತಿ ರಾಜಕೀಯದ ಪ್ರಶ್ನೆ.

ಎರಡನೆಯ ಪ್ರಶ್ನೆ: ವೈರಿಯನ್ನು ಯಾವುದರಿಂದ ಗುರುತಿಸುತ್ತಾರೆ?

ಇದಕ್ಕೆ ಸ್ವಲ್ಪ ದೂರ ಹೋಗಬೇಕು. 1988ರಲ್ಲಿ ಅಮೆರಿಕದ ಜಾನ್ ಕಾರ್ಪೆಂಟರ್ ‘ದೇ ಲಿವ್’ ಎಂಬ ಚಿತ್ರ ಮಾಡಿದರು. ಹಾಲಿವುಡ್ ಲೆಕ್ಕದಲ್ಲಿ ಅದು ಬಡವರ ಸಿನಿಮಾ, ಖರ್ಚು ಮೂರು-ನಾಲ್ಕು ಮಿಲಿಯನ್ ಡಾಲರ್ ಅಷ್ಟೇ. ನಾಯಕ ರಾಡಿ ಪೈಪರ್ ನಟನಿಗಿಂತ ಹೆಚ್ಚಾಗಿ ಕುಸ್ತಿಪಟು. ಕೆಲಸ ಹುಡುಕಿಕೊಂಡು ಲಾಸ್ ಏಂಜಲೀಸ್‌ಗೆ ಬಂದ ಕೂಲಿಯವನಿಗೆ ಒಂದು ಕಪ್ಪು ಕನ್ನಡಕ ಸಿಗುತ್ತದೆ. ಅದನ್ನು ಹಾಕಿಕೊಂಡರೆ ಜಾಹೀರಾತು ಫಲಕಗಳ ನಿಜವಾದ ಅಕ್ಷರ ಕಾಣುತ್ತವೆ: ಕೊಂಡುಕೋ, ಹೇಳಿದಂತೆ ಕೇಳು, ಪ್ರಶ್ನೆ ಮಾಡಬೇಡ. ಕೆಲವು ಮನುಷ್ಯರು ಮನುಷ್ಯರೇ ಅಲ್ಲ, ತಲೆಬುರುಡೆಯ ಮುಖದ ಅನ್ಯಗ್ರಹದವರು ಎಂದೂ ಗೊತ್ತಾಗುತ್ತದೆ.

ದುಡ್ಡಿಲ್ಲದ ನಿರ್ದೇಶಕ ಇಲ್ಲಿ ಏನು ಮಾಡಿದ ನೋಡಿ. ಅನ್ಯಗ್ರಹದವರ ದಂಡಯಾತ್ರೆ, ಆಕಾಶದಲ್ಲಿ ಯುದ್ಧ ತೋರಿಸುವ ಗೋಜಿಗೆ ಹೋಗಲಿಲ್ಲ. ಒಂದು ಕನ್ನಡಕ, ಒಂದಿಷ್ಟು ರಬ್ಬರ್ ಮುಖವಾಡ, ಕಪ್ಪು-ಬಿಳುಪು ದೃಶ್ಯ. ಹಾಗಾಗಿ ಅನ್ಯಗ್ರಹದವರು ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಟಿವಿಯಲ್ಲಿ ಸಿಗುತ್ತಾರೆ. ಬಡವರ ಗುಡಿಸಲುಗಳನ್ನು ಪೊಲೀಸರು ಬುಲ್ಡೋಜರ್ ತಂದು ಕೆಡವುವ ದೃಶ್ಯಕ್ಕೆ ಮಾತ್ರ ಹಣ ಖರ್ಚು ಮಾಡಿದರು. ಅವಕಾಶ ವೆಚ್ಚದ ಪಾಠ ಇದೇ.

ಈ ಸಿನಿಮಾಕ್ಕೆ ಮುಂದೆ ಒಂದು ಕೆಟ್ಟ ಗತಿ ಬಂತು. ಯಹೂದಿಗಳನ್ನು ದ್ವೇಷಿಸುವ ಕೆಲವರು, ಆ ಅನ್ಯಗ್ರಹದವರು ಎಂದರೆ ಯಹೂದಿಗಳೇ, ಸಿನಿಮಾ ಹೇಳುವುದು ನಮ್ಮದೇ ಮಾತು ಎಂದು ಹರಡಿದರು. 2017ರ ಜನವರಿಯಲ್ಲಿ ಕಾರ್ಪೆಂಟರ್ ತಾವೇ ಉತ್ತರಿಸಬೇಕಾಯಿತು: ಸಿನಿಮಾ ಇರುವುದು ಲಂಗುಲಗಾಮಿಲ್ಲದ ಬಂಡವಾಳಶಾಹಿಯ ಬಗ್ಗೆ, ಯಹೂದಿಗಳ ಬಗ್ಗೆ ಹೇಳುತ್ತಿರುವುದು ಸುಳ್ಳು ಎಂದು.

ನಿರ್ದೇಶಕ ಹೇಳಿದ್ದನ್ನು ಸುಮ್ಮನೆ ನಂಬಬೇಕೆಂದಿಲ್ಲ. ಸಿನಿಮಾವನ್ನೇ ಸಾಕ್ಷಿಗೆ ಕರೆಯೋಣ. ಅದರಲ್ಲಿ ವೈರಿಯನ್ನು ಗುರುತಿಸುವುದು ಯಾವುದರಿಂದ? ಪ್ರಾರ್ಥನೆಯಿಂದಲ್ಲ, ಭಾಷೆಯಿಂದಲ್ಲ, ಹುಟ್ಟಿದ ಮನೆತನದಿಂದಲ್ಲ. ಅವರು ಮಾಡುವ ಕೆಲಸದಿಂದ: ಮಾರುತ್ತಾರೆ, ಆಳುತ್ತಾರೆ, ಕೆಡವುತ್ತಾರೆ. ಹಣಕ್ಕಾಗಿ ಅವರ ಜೊತೆ ಸೇರಿದ ಮನುಷ್ಯರೂ ಕಥೆಯಲ್ಲಿದ್ದಾರೆ, ಅವರೂ ತಪ್ಪಿತಸ್ಥರೇ. ಹೀಗೆ ಕೆಲಸದಿಂದ ಗುರುತಿಸುವ ಸಿನಿಮಾವನ್ನು ಜಾತಿ-ಧರ್ಮದ ಲೆಕ್ಕಕ್ಕೆ ಜಮಾ ಮಾಡುವುದು ಸುಳ್ಳು ಲೆಕ್ಕ. ಮುಖವಾಡ ಖಾಲಿ ಇದ್ದರೆ ಪ್ರೇಕ್ಷಕ ತನ್ನ ಮನಸ್ಸಿನ ದ್ವೇಷವನ್ನು ಅದರಲ್ಲಿ ತುಂಬಿಕೊಳ್ಳಬಹುದು. ಹಾಗೆ ತುಂಬಿಕೊಂಡಿದ್ದು ಸಿನಿಮಾದ್ದೋ ನಮ್ಮದೋ ಎಂದು ಬಿಡಿಸಿ ನೋಡಬೇಕು.

ಮೂರನೆಯ ಪ್ರಶ್ನೆ: ಬಗೆಹರಿಸುವವರು ಯಾರು?

ರೋಗ ಯಾವುದು ಎಂದು ಹೇಳುವುದು ಒಂದು, ಔಷಧ ಬರೆದು ಕೊಡುವುದು ಇನ್ನೊಂದು. ಎರಡರ ರಾಜಕೀಯ ಒಂದೇ ಆಗಿರಬೇಕೆಂದಿಲ್ಲ.

‘ದೇ ಲಿವ್’ ಬಡವರ ಪರ ನಿಲ್ಲುವ ಸಿನಿಮಾ. ಆದರೆ ಅದರ ಔಷಧ ಒಬ್ಬ ಗಂಡಸು ಮತ್ತು ಒಂದು ಬಂದೂಕು. ಗುಟ್ಟಾಗಿ ಸೇರುತ್ತಿದ್ದ ಹೋರಾಟಗಾರರು ಕಥೆಯ ನಡುವೆಯೇ ಸತ್ತುಹೋಗುತ್ತಾರೆ. ಕೊನೆಗೆ ನಾಯಕ ಪ್ರಸಾರದ ಗೋಪುರ ಒಡೆದು ಪ್ರಾಣ ಬಿಡುತ್ತಾನೆ. ಜನ ಕೂಡಿ ಏನಾದರೂ ಮಾಡಬಹುದು ಎಂಬ ನಂಬಿಕೆ ಅಲ್ಲಿ ಕಡಿಮೆ. ‘ಜೇಡರ ಬಲೆ’ಯ ಔಷಧ ಸರ್ಕಾರದ ಒಬ್ಬ ಚುರುಕು ಅಧಿಕಾರಿ. ಎರಡು ಸಿನಿಮಾಗಳ ರಾಜಕೀಯ ಬೇರೆ ಬೇರೆ ದಿಕ್ಕಿನದು. ಆದರೂ ಎರಡರಲ್ಲೂ ನಾವು ನೀವು ಕುಳಿತು ನೋಡುವವರು ಮಾತ್ರ.

ಬಣ್ಣ ಜೋರಾಗಿರುವ ಸಿನಿಮಾಕ್ಕೂ ಕನ್ನಡದಲ್ಲಿ ಉದಾಹರಣೆ ಇದೆ. ಉಪೇಂದ್ರ ಅವರ 2010ರ ‘ಸೂಪರ್’ ಸಣ್ಣ ಬಜೆಟ್ಟಿನದಲ್ಲ, ಆದರೂ ಹೋಲಿಕೆಗೆ ಬೇಕು. ಅಕ್ಷರದ ಹೆಸರೇ ಇಲ್ಲದೆ ಕೈಮುದ್ರೆಯನ್ನೇ ಹೆಸರಾಗಿಟ್ಟುಕೊಂಡು ಬಂದ ಆ ಚಿತ್ರ 2030ರ ಶ್ರೀಮಂತ ಭಾರತವನ್ನು ಕಲ್ಪಿಸಿಕೊಳ್ಳುತ್ತದೆ. ಅದರ ರಾಜಕೀಯವನ್ನು ಯಾರೂ ಹುಡುಕಬೇಕಿಲ್ಲ, ಅದೇ ಬಂದು ನಮ್ಮ ಮುಂದೆ ಕೂರುತ್ತದೆ. 2018ರಲ್ಲಿ ಉಪೇಂದ್ರ ಉತ್ತಮ ಪ್ರಜಾಕೀಯ ಪಕ್ಷ ಕಟ್ಟಿದಾಗ ಅವರ ಸಿನಿಮಾ ನೋಡಿದವರಿಗೆ ಆಶ್ಚರ್ಯವಾಗಿರಲಾರದು. ಇಂಥ ಸಿನಿಮಾವನ್ನು ಪ್ರಚಾರ ಎಂದು ತಳ್ಳುವುದು ಸುಲಭ. ನನಗೆ ಕಾಣುವಂತೆ ಇದರಲ್ಲಿ ಒಂದು ಪ್ರಾಮಾಣಿಕತೆ ಇದೆ. ನಾನು ನಿನಗೆ ರಾಜಕೀಯ ಹೇಳುತ್ತಿದ್ದೇನೆ ಎಂದು ಹೇಳಿಯೇ ಹೇಳುವವನ ಜೊತೆ ವಾದ ಮಾಡಬಹುದು. ಹೇಳದೇ ಹೇಳುವವನ ಮುಂದೆ ಹೆಚ್ಚು ಎಚ್ಚರ ಬೇಕು.

ನಾಲ್ಕನೆಯ ಪ್ರಶ್ನೆ: ಯಾರು ಕಾಣುತ್ತಿಲ್ಲ?

ಮಹಾರಾಷ್ಟ್ರದ ಮಾಲೇಗಾಂವ್ ವಿದ್ಯುತ್ ಮಗ್ಗಗಳ ಊರು. ಅಲ್ಲಿ ಹೆಚ್ಚಿನವರು ನಮ್ಮ ಹಾಗೆ ಉರ್ದು ಮಾತನಾಡುವ ಕೆಲಸಗಾರರು. ವಿಡಿಯೋ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ ಗೆಳೆಯರನ್ನು ಕಟ್ಟಿಕೊಂಡು ಮೊದಲು ‘ಮಾಲೇಗಾಂವ್ ಕೆ ಶೋಲೆ’ ಮಾಡಿದರು, ಆಮೇಲೆ ‘ಮಾಲೇಗಾಂವ್ ಕಾ ಸೂಪರ್‌ಮ್ಯಾನ್’. ಸೂಪರ್‌ಮ್ಯಾನ್ ಆಗಿದ್ದು ಶಫೀಕ್ ಎಂಬ ಸಣಕಲು ಮಗ್ಗದ ಕೆಲಸಗಾರ. ಹಸಿರು ಬಟ್ಟೆ ಕಟ್ಟಿ, ಅದರ ಮುಂದೆ ಅವನನ್ನು ಮಲಗಿಸಿ ಹಾರಿಸಿದರು. ಇದನ್ನು ಮಾಡಿದ ಬಗೆಯನ್ನೇ ಫೈಜಾ ಅಹ್ಮದ್ ಖಾನ್ ಎಂಬ ನಿರ್ದೇಶಕಿ 2008ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ರೀಮಾ ಕಾಗ್ತಿ ಅವರ ‘ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್’ ಈ ಗೆಳೆಯರ ಕಥೆಯೇ. ಅದು 2025ರಲ್ಲಿ ಚಿತ್ರಮಂದಿರಕ್ಕೆ ಬಂತು.

ಆ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಮಾಲೇಗಾಂವ್ ಎಂದರೆ ಬಾಂಬ್ ಸ್ಫೋಟ. 2006ರಲ್ಲಿ ಒಂದು, 2008ರಲ್ಲಿ ಇನ್ನೊಂದು. ಸತ್ತವರು ಆ ಊರಿನವರೇ. ಅಂಥ ಊರಿನ ಹುಡುಗರ ಕೈಗೆ ಕ್ಯಾಮೆರಾ ಸಿಕ್ಕಾಗ ಅವರು ಯಾರನ್ನು ವಿಲನ್ ಮಾಡಬಹುದಿತ್ತು ಎಂದು ಯೋಚಿಸಿ. ಅವರು ಆರಿಸಿಕೊಂಡ ವೈರಿ ತಂಬಾಕು ಮತ್ತು ಕೊಳಕು. ಊರಿನ ಮೇಲೆ ಹೊರಗಿನವರು ಹೊರಿಸಿದ ಆರೋಪಕ್ಕೆ ಉತ್ತರ ಕೊಡುತ್ತಾ ಕೂರುವ ಬದಲು, ನಮ್ಮನ್ನು ದಿನವೂ ಕೊಲ್ಲುತ್ತಿರುವುದು ಇದು ಎಂದು ತಾವೇ ಹೆಸರು ಹೇಳಿದರು. ನಗಿಸುವ ಈ ಸಿನಿಮಾದಷ್ಟು ಖಾರ ನಾನು ಬೇರೆ ಕಡೆ ಕಂಡಿಲ್ಲ. ಶಫೀಕ್ ಮುಂದೆ ಬಾಯಿಯ ಕ್ಯಾನ್ಸರ್‌ನಿಂದ ತೀರಿಕೊಂಡ ಎಂದು ತಿಳಿದ ಮೇಲೆ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಬಸ್ ನಿಲ್ದಾಣಗಳ ಗೋಡೆಯ ಮೂಲೆಗಳನ್ನು ಒಮ್ಮೆ ನೋಡಿ, ಆ ಸೂಪರ್‌ಮ್ಯಾನ್ ಇಲ್ಲಿಗೂ ಬೇಕು ಅನ್ನಿಸುತ್ತದೆ.

ಆದರೆ ತಕ್ಕಡಿ ಎಲ್ಲರಿಗೂ ಒಂದೇ ಇರಬೇಕಲ್ಲ? ನಾಲ್ಕನೆಯ ಪ್ರಶ್ನೆಯನ್ನು ಇವರಿಗೂ ಕೇಳೋಣ. ಈ ಸಿನಿಮಾದಲ್ಲಿ ಕಾಣದವರು ಮಾಲೇಗಾಂವಿನ ಹೆಣ್ಣುಮಕ್ಕಳು. ಊರಿನ ಹುಡುಗಿಯರು ನಟಿಸುವುದಿಲ್ಲ ಎಂದು ನಟಿಯರನ್ನು ಹೊರಗಿನಿಂದ ಕರೆಸುತ್ತಾರೆ. ಸೂಪರ್‌ಮ್ಯಾನ್ ಎಲ್ಲರನ್ನೂ ಕಾಪಾಡಬಹುದು, ಆದರೆ ಮಗ್ಗದ ಮನೆಯೊಳಗೆ ಕುಳಿತು ನೂಲು ಸುತ್ತುವವಳ ಕೆಮ್ಮು ತೆರೆಗೆ ಬರಲಿಲ್ಲ. ನನ್ನವರದು ಎಂದು ಈ ಸಾಲನ್ನು ಬರೆಯದೆ ಬಿಟ್ಟರೆ, ಬೇರೆಯವರ ಸಿನಿಮಾದಲ್ಲಿ ನಾವು ಯಾಕೆ ಇಲ್ಲ ಎಂದು ಕೇಳುವ ಹಕ್ಕು ನನಗೆ ಇರುವುದಿಲ್ಲ.

ಐದನೆಯ ಪ್ರಶ್ನೆ: ಹಣ ಯಾರದು?

ಬಂಡವಾಳ ಹಾಕಿದವರು ಯಾರು ಎಂದು ನೋಡದೆ ಕಂಪನಿಯ ಲೆಕ್ಕ ಓದಬಾರದು ಎಂದು ನಮಗೆ ಕಲಿಸುತ್ತಾರೆ. ಸಿನಿಮಾಕ್ಕೂ ಅದು ಸಲ್ಲುತ್ತದೆ. ಪವನ್ ಕುಮಾರ್ ಅವರ ‘ಲೂಸಿಯಾ’ 2013ರ ಸೆಪ್ಟೆಂಬರ್‌ನಲ್ಲಿ ಬಂತು. ನಿದ್ದೆ ಬಾರದ ಒಬ್ಬ ಹುಡುಗ ಒಂದು ಮಾತ್ರೆ ನುಂಗುತ್ತಾನೆ, ಬೇಕಾದ ಕನಸು ಬೀಳುತ್ತದೆ. ಸತೀಶ್ ನೀನಾಸಂ ಮಾಡಿರುವ ಆ ಹುಡುಗ ಹಳೆಯ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವನು. ಇದರಲ್ಲಿ ಹೊಡೆದಾಟ ಕಡಿಮೆ, ವಿಜ್ಞಾನದ ಕಲ್ಪನೆ ಹೆಚ್ಚು. ನಿರ್ಮಾಪಕರು ಸಿಗದಿದ್ದಾಗ ನಿರ್ದೇಶಕರು ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು. ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಅದಕ್ಕೆ ಪ್ರೇಕ್ಷಕರ ಪ್ರಶಸ್ತಿ ಬಂತು.

ದೊಡ್ಡ ಸ್ಟಾರ್‌ನ ಹಣದಿಂದ ಮಾಡಿದ್ದರೆ, ಸ್ಟಾರ್ ಆಗುವುದು ಎಷ್ಟು ಒಂಟಿತನ, ಟಾರ್ಚ್ ಹಿಡಿಯುವುದರಲ್ಲಿ ಎಷ್ಟು ನೆಮ್ಮದಿ ಎಂದು ಹೇಳುವ ಈ ಕಥೆ ಹೀಗೆಯೇ ಉಳಿಯುತ್ತಿತ್ತೇ? ಹೇಳಲಾಗದು. ಹಣ ಯಾರದು ಎಂಬ ಪ್ರಶ್ನೆ ತೀರ್ಪು ಕೊಡುವುದಿಲ್ಲ. ಎಲ್ಲಿ ಕಣ್ಣಿಟ್ಟು ನೋಡಬೇಕು ಎಂದು ತೋರಿಸುತ್ತದೆ, ಅಷ್ಟೇ.

ಹೆಸರು ಬದಲಿಸಿ ನೋಡುವ ಪರೀಕ್ಷೆ

ಈಗ ಗೆಳತಿಯ ಇಕ್ಬಾಲ್ ವಿಷಯಕ್ಕೆ ಬರುತ್ತೇನೆ. ಅವಳ ಸಿಟ್ಟು ಸುಮ್ಮನೆ ಬಂದದ್ದಲ್ಲ. ರಾಣೇಬೆನ್ನೂರಿನ ನಮ್ಮ ಖಾಲಾ ಮನೆಯ ಓಣಿಯಲ್ಲಿ ರಜೆಯಲ್ಲಿ ಮಕ್ಕಳು ಟಿವಿಯಲ್ಲಿ ಬಂದ ಡಬ್ಬಿಂಗ್ ರೋಬೋಟ್ ಸಿನಿಮಾದ ಆಟ ಆಡುತ್ತಿದ್ದರು. ಎಂಟು ವರ್ಷದ ನನ್ನ ತಮ್ಮನಿಗೆ ರೋಬೋಟ್ ಆಗುವ ಆಸೆ. ಉಳಿದ ಮಕ್ಕಳು, "ನಿನ್ನ ಹೆಸರು ವಿಲನ್ನಿಂದು, ನೀನು ಬಾಂಬ್ ಇಡು" ಎಂದರು. ಆ ಮಕ್ಕಳಲ್ಲಿ ದ್ವೇಷ ಇರಲಿಲ್ಲ, ಅವರು ಸಿನಿಮಾ ಹೇಳಿಕೊಟ್ಟ ನಿಯಮದಂತೆ ಆಡುತ್ತಿದ್ದರು. ತಮ್ಮ ಬಾಂಬ್ ಇಟ್ಟ, ಸತ್ತ ಹಾಗೆ ಬಿದ್ದ, ಎದ್ದು ಬಂದು, "ಆಪಾ, ನಾಳೆ ಆಟಕ್ಕೆ ಬೇರೆ ಹೆಸರು ಇಟ್ಕೊಳ್ಳಲಾ?" ಎಂದು ಕೇಳಿದ. ಸಿನಿಮಾದಲ್ಲಿ ಎಲ್ಲಿ ರಾಜಕೀಯ ಎಂದು ಕೇಳುವ ಗೆಳೆಯರಿಗೆ ನನ್ನ ಬಳಿ ಇರುವ ಉತ್ತರ ಇದು.

ಹಾಗಾಗಿ ಹೆಸರನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಅದನ್ನು ಸರಿಯಾಗಿ ತೂಗಲು ಒಂದು ಪರೀಕ್ಷೆ ಇದೆ. ವಿಲನ್ನಿನ ಹೆಸರು, ಬಟ್ಟೆ, ಮಾತಿನ ಧಾಟಿಯನ್ನು ಮನಸ್ಸಿನಲ್ಲೇ ಬದಲಿಸಿ, ಕಥೆಯನ್ನು ಮತ್ತೆ ಓಡಿಸಿ ನೋಡಿ.

ಕಥೆ ಹಾಗೆಯೇ ಓಡಿದರೆ, ಹೆಸರು ಬಣ್ಣಕ್ಕೆ ಹಾಕಿದ್ದು. ಅವನಿಗೆ ಬೇಕಿರುವುದು ಹಣವೋ ಸೂತ್ರವೋ ಅಧಿಕಾರವೋ ಆಗಿದ್ದು, ಬರೆದವರು ಕೈಗೆ ಸಿಕ್ಕ ಹೆಸರನ್ನು ಸೋಮಾರಿತನದಿಂದ ಅಂಟಿಸಿದ್ದಾರೆ. ಇದೂ ತಪ್ಪೇ, ನನ್ನ ತಮ್ಮನ ಆಟ ಕೆಡಿಸಿದ್ದು ಇಂಥ ಬಣ್ಣವೇ. ಇದನ್ನು ವಿಮರ್ಶೆಯಲ್ಲಿ ಬರೆಯಬೇಕು. ಆದರೆ ಸಿನಿಮಾದ ಪೂರ್ತಿ ಮಾತು ಇದೇ ಎಂದು ಹೇಳಲಾಗದು.

ಹೆಸರು ಬದಲಿಸಿದ ಕೂಡಲೇ ಕಥೆ ನಿಂತುಹೋದರೆ, ಅವನು ಇಂಥವನಾದ್ದರಿಂದಲೇ ಹೀಗೆ ಮಾಡುತ್ತಾನೆ ಎಂಬುದೇ ಕಥೆಯ ಎಂಜಿನ್ ಆಗಿದ್ದರೆ, ಅದು ಖಾರ. ಅಂಥ ಸಿನಿಮಾ ಒಬ್ಬ ವಿಲನ್ನಿನ ಮೇಲಲ್ಲ, ಒಂದು ಸಮುದಾಯದ ಮೇಲೆ ತೀರ್ಪು ಕೊಡುತ್ತಿದೆ. ಹಾಗೆಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಈಗ ನಮ್ಮ ಬಳಿ ಕಾರಣ ಇದೆ.

ಇದೇ ಪರೀಕ್ಷೆಯನ್ನು ತಿರುಗಿಸಿಯೂ ಮಾಡಬಹುದು. ನಾಯಕನ ಪಕ್ಕದಲ್ಲಿ ಒಬ್ಬ ಒಳ್ಳೆಯ ರಹೀಮ್ ಚಾಚಾ ಇದ್ದಾರೆ ಎನ್ನಿ. ಅವರನ್ನು ತೆಗೆದುಹಾಕಿದರೆ ಕಥೆಯಲ್ಲಿ ಏನಾದರೂ ಬದಲಾಗುತ್ತದೆಯೇ? ಏನೂ ಬದಲಾಗದಿದ್ದರೆ ಅವರೂ ಬಣ್ಣವೇ.

ನಾವು ನಗುವ ಕಡೆಯೂ ಇದನ್ನು ಮಾಡಬೇಕು. ಬೆಂಗಳೂರಿನ ಸಿನಿಮಾಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಮಾತು ಕಾಮಿಡಿಯವನ ಬಾಯಿಗೆ ಎಷ್ಟು ಸಲ ಬರುತ್ತದೆ, ನಾಯಕನ ಬಾಯಿಗೆ ಎಷ್ಟು ಸಲ ಬರುತ್ತದೆ ಎಣಿಸಿ. ಮಾದಕ ವಸ್ತು ಮಾರುವವನು ಎಂದರೆ ಆಫ್ರಿಕಾದವನನ್ನೇ ತೋರಿಸಿದಾಗ ನಾವು ಪ್ರಶ್ನೆ ಮಾಡುತ್ತೇವೆಯೇ ಎಂದೂ ಕೇಳಿಕೊಳ್ಳೋಣ. ಕುಂಬಳಕಾಯಿ ಕಳ್ಳ ಎಂದಾಗ ನಮ್ಮ ಹೆಗಲನ್ನಷ್ಟೇ ಮುಟ್ಟಿ ನೋಡಿಕೊಳ್ಳುವುದು ಸಾಲದು, ಪಕ್ಕದವನ ಹೆಗಲ ಮೇಲೆ ಯಾರಾದರೂ ಬೂದಿ ಹಚ್ಚಿದ್ದಾರಾ ಎಂದೂ ನೋಡಬೇಕು.

ಅಂಕ ಕೊಡುವ ಬಗೆ

ಮುಂದಿನ ಸಲ ಸಿನಿಮಾ ನೋಡಿ ಬಂದಾಗ ಪುಸ್ತಕದ ಹಿಂದಿನ ಪುಟದಲ್ಲಿ ಎರಡು ಕಲಂ ಹಾಕಿ. ಎಡಕ್ಕೆ ಬಣ್ಣ, ಬಲಕ್ಕೆ ಖಾರ. ಎಡಗಡೆ ಕಂಡದ್ದು ಕೇಳಿದ್ದೆಲ್ಲ ಬರೆಯಿರಿ: ಘೋಷಣೆ, ಹೆಸರು, ಬಟ್ಟೆ, ಭಾಷಣ. ಬಲಗಡೆ ಐದು ಪ್ರಶ್ನೆಗಳ ಉತ್ತರ ಬರೆಯಿರಿ: ಜಗಳ ಯಾವುದಕ್ಕೆ, ವೈರಿಯನ್ನು ಗುರುತಿಸಿದ್ದು ಕೆಲಸದಿಂದಲೋ ಹುಟ್ಟಿನಿಂದಲೋ, ಬಗೆಹರಿಸಿದವರು ಯಾರು, ಕಾಣದವರು ಯಾರು, ಹಣ ಯಾರದು. ಪ್ರತಿ ಉತ್ತರದ ಪಕ್ಕ ಸಿನಿಮಾದ ಒಂದು ದೃಶ್ಯವನ್ನು ವೋಚರ್ ಹಾಗೆ ಲಗತ್ತಿಸಿ. ವೋಚರ್ ಇಲ್ಲದ ನಮೂದನ್ನು ನಮ್ಮ ಅಕೌಂಟೆನ್ಸಿ ಸರ್ ಒಪ್ಪುವುದಿಲ್ಲ, ಇಲ್ಲಿಯೂ ಒಪ್ಪುವುದು ಬೇಡ. ಎರಡೂ ಕಲಂ ತಾಳೆಯಾಗದಿದ್ದರೆ ಹೆದರಬೇಡಿ. ಘೋಷಣೆ ಒಂದು ಕಡೆ, ಕಥೆ ಇನ್ನೊಂದು ಕಡೆ ಹೋಗುವ ಸಿನಿಮಾಗಳು ಬಹಳ. ಆ ವ್ಯತ್ಯಾಸವನ್ನೇ ಬರೆದರೆ ಒಳ್ಳೆಯ ವಿಮರ್ಶೆಯಾಗುತ್ತದೆ.

ನಮ್ಮಲ್ಲಿ ಹೆಚ್ಚಿನವರಿಗೆ ಮುಂದಿನ ವರ್ಷ 18 ತುಂಬುತ್ತದೆ, ಮತದಾರರ ಪಟ್ಟಿಗೆ ಹೆಸರು ಸೇರುತ್ತದೆ. ಆಗ ನಮ್ಮೂರಿನ ಮೈದಾನಗಳಿಗೆ ಬರುವ ಭಾಷಣಗಳಿಗೆ ಸಂಗೀತ, ಬೆಳಕು, ನಾಯಕ, ವಿಲನ್ ಎಲ್ಲವೂ ಇರುತ್ತವೆ, ಟಿಕೆಟ್ ಮಾತ್ರ ಇರುವುದಿಲ್ಲ. ಈ ಎರಡು ಕಲಮಿನ ಲೆಕ್ಕವನ್ನು ಈಗಲೇ ಸಿನಿಮಾಗಳ ಮೇಲೆ ಅಭ್ಯಾಸ ಮಾಡಿಕೊಳ್ಳೋಣ. ಯಾರಾದರೂ ‘ಜೇಡರ ಬಲೆ’ಯನ್ನು ಮನೆಯ ಹಿರಿಯರ ಜೊತೆ ನೋಡಿ ನಿಮ್ಮ ಎರಡು ಕಲಂ ಬರೆದು ತಂದರೆ, ನನ್ನದರ ಜೊತೆ ಗ್ರಂಥಾಲಯದ ಸೂಚನಾ ಫಲಕದಲ್ಲಿ ಹಾಕೋಣ. ನಿಮ್ಮ ಲೆಕ್ಕ ನನ್ನದಕ್ಕೆ ತಾಳೆಯಾಗಬೇಕೆಂದಿಲ್ಲ, ವೋಚರ್ ಇದ್ದರೆ ಸಾಕು.